ಫಾಲ್ಸ್ ಚರ್ಚಿನ ವಿಭಾಗಪ್ರಕರಣ

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಗದ್ದೆಗಳನ್ನು ಅಳೆಯಬಹುದು, ಪಾತ್ರೆಪದಾರ್ಥಗಳನ್ನು ಎಣಿಸಬಹುದು, ಸಾಲವನ್ನು ಸಹ ಹಂಚಿಕೊಳ್ಳಬಹುದು. ಆದರೆ ತಾತನು ಕಟ್ಟಿಸಿದ ಕೆರೆಯನ್ನೂ ಮುತ್ತಾತನು ನಡಸಿಕೊಂಡು ಬಂದ ಛತ್ರವನ್ನೂ ಪಾಲುಮಾಡುವ ಬಗೆ ಹೇಗೆ? ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಸ್ಮೃತಿಕಾರರು ವಿಭಾಗಕ್ಕೆ ಒಳಪಡದ ವಸ್ತುಗಳಲ್ಲಿ ಹೇಳಿರುವ ಯೋಗಕ್ಷೇಮವೆಂಬ ಶಬ್ದಕ್ಕೆ ಇಷ್ಟಾಪೂರ್ತಗಳೆಂದು, ಎಂದರೆ ಯಜ್ಞಾದಿ ಕರ್ಮಗಳೂ ಕೆರೆ ಮೊದಲಾದ ಲೋಕೋಪಕಾರದ ನಿರ್ಮಾಣಗಳೂ ಎಂದು, ಆತನು ಅರ್ಥಮಾಡಿದ್ದಾನೆ. ಪಿತ್ರಾರ್ಜಿತ ದ್ರವ್ಯದಿಂದ ಆದುದಾದರೂ ಧರ್ಮಾರ್ಥವಾಗಿ ಆದುದು ಪಾಲಿಗೆ ಬಾರದು ಎಂಬುದು ಇದರ ತಾತ್ಪರ್ಯ.

ಪಾಲಿಗೆ ಬಾರದ ವಸ್ತುವೊಂದನ್ನು ನಡುವೆ ಇಟ್ಟುಕೊಂಡು ಮನೆತನವೇ ಎರಡಾದರೆ, ಆ ವಸ್ತುವು ಯಾರ ವಶದಲ್ಲಿ ಉಳಿಯತಕ್ಕದ್ದು? ಹೆಚ್ಚು ಮಂದಿ ಯಾವ ಕಡೆ ಇದ್ದಾರೋ ಅವರ ವಶದಲ್ಲಿಯೋ, ಹಿಂದಿನ ಹೆಸರನ್ನೂ ಕಟ್ಟಳೆಯನ್ನೂ ಉಳಿಸಿಕೊಂಡವರ ವಶದಲ್ಲಿಯೋ, ಅಥವಾ ಹಿಂದಿನ ನಂಬುಗೆಯನ್ನು ಉಳಿಸಿಕೊಂಡೆವೆನ್ನುವವರ ವಶದಲ್ಲಿಯೋ? ಅಮೆರಿಕ ಸಂಯುಕ್ತ ಸಂಸ್ಥಾನಗಳ ವರ್ಜೀನಿಯ ಸಂಸ್ಥಾನದಲ್ಲಿ ಒಂದು ಪುರಾತನ ಕ್ರೈಸ್ತ ಸಭೆಯು ಈ ಪ್ರಶ್ನೆಯನ್ನು ಹೊತ್ತು ೨೦೦೭ರಿಂದ ೨೦೧೪ರ ವರೆಗೆ ನ್ಯಾಯಸ್ಥಾನಗಳ ಮೆಟ್ಟಿಲನ್ನು ಏರಿ ಇಳಿಯಿತು. ಆ ಸಭೆ ಒಡೆದುದು ಹೊಲಕ್ಕಾಗಿ ಅಲ್ಲ, ಅಧಿಕಾರದ ಪದವಿಗಾಗಿಯೂ ಅಲ್ಲ. ಪುರುಷನು ಪುರುಷನಲ್ಲಿ, ಸ್ತ್ರೀಯು ಸ್ತ್ರೀಯಲ್ಲಿ ಅನುರಕ್ತರಾಗಿ ಕೂಡಿ ಬಾಳುವುದನ್ನು ದೇವರ ಮನೆಯು ಒಪ್ಪಬಹುದೆ ಎಂಬ ವಿಷಯದಲ್ಲಿ ಅದು ಒಡೆಯಿತು.

ರಾಜಧಾನಿಯಾದ ವಾಷಿಂಗ್ಟನ್ ನಗರಕ್ಕೆ ಪಶ್ಚಿಮದಲ್ಲಿ ಕೆಲವೇ ಮೈಲಿಗಳ ದೂರದಲ್ಲಿರುವ ಊರು ಫಾಲ್ಸ್ ಚರ್ಚ್. ಪೊಟೋಮ್ಯಾಕ್ ನದಿಯ ಜಲಪಾತಕ್ಕೆ ಹೋಗುವ ದಾರಿಯಲ್ಲಿದ್ದ ಚರ್ಚಿಗೆ ಆ ಹೆಸರು ಬಂದು, ಚರ್ಚಿನಿಂದ ಊರಿಗೆ ಬಂದಿತು. ೧೭೩೦ರ ದಶಕದಲ್ಲಿ ಅಲ್ಲಿ ಮರದ ಮಂದಿರವಿದ್ದಿತು. ಜೇಮ್ಸ್ ರೆನ್ ಎಂಬಾತನ ನಕ್ಷೆಯಂತೆ ಇಟ್ಟಿಗೆಯ ಮಂದಿರವು ೧೭೬೯ರಲ್ಲಿ ಪೂರ್ಣವಾಯಿತು. ಅಮೆರಿಕದ ಮೊದಲನೆಯ ಅಧ್ಯಕ್ಷನಾಗಲಿದ್ದ ಜಾರ್ಜ್ ವಾಷಿಂಗ್ಟನ್ನನು ೧೭೬೨ರಲ್ಲಿ ಆ ಪ್ರಾಂತದ ವೆಸ್ಟ್ರಿ ಎಂಬ ಆಡಳಿತಮಂಡಲಿಗೆ ಆರಿಸಲ್ಪಟ್ಟಿದ್ದನು. ಅಂತರ್ಯುದ್ಧದ ಕಾಲದಲ್ಲಿ ಮಂದಿರವನ್ನು ಸೈನಿಕರು ಆಸ್ಪತ್ರೆಯಾಗಿಯೂ ಬಳಿಕ ಕುದುರೆಲಾಯವಾಗಿಯೂ ಬಳಸಿದರು. ಇಷ್ಟನ್ನೂ ತಾಳಿಕೊಂಡ ಗೋಡೆಗಳ ಸುತ್ತಲೂ ಸಭಿಕರ ಪೂರ್ವಿಕರನ್ನು ಮಣ್ಣುಮಾಡಿದ ಸಮಾಧಿಭೂಮಿಯಿದೆ. ಅಂತಹ ಸ್ಥಳವನ್ನು ಬಿಟ್ಟುಹೋಗುವುದೆಂದರೆ ಬಾಡಿಗೆಯ ಮನೆಯನ್ನು ಬದಲಾಯಿಸಿದಂತೆ ಅಲ್ಲವೆಂಬುದನ್ನು ಹೇಳಬೇಕಾದುದಿಲ್ಲ.

ಈ ಸಭೆಯು ಎಪಿಸ್ಕೋಪಲ್ ಚರ್ಚೆಂಬ ಸಂಸ್ಥೆಗೆ ಸೇರಿದುದು. ಇಂಗ್ಲೆಂಡಿನ ಚರ್ಚು ಅಮೆರಿಕದಲ್ಲಿ ಸ್ವಾತಂತ್ರ್ಯಾನಂತರ ತಾಳಿದ ರೂಪವೇ ಅದು. ಇಂಗ್ಲೆಂಡಿನ ಚರ್ಚಿನಿಂದ ಬೆಳೆದು ಬೇರೆಬೇರೆ ದೇಶಗಳಲ್ಲಿ ಸ್ವತಂತ್ರವಾಗಿ ನಿಂತಿರುವ ಚರ್ಚುಗಳು ಆಂಗ್ಲಿಕನ್ ಸಮೂಹವೆಂದು ಕರೆಸಿಕೊಳ್ಳುತ್ತವೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಅವುಗಳಲ್ಲಿ ಅಗ್ರಪೂಜೆಯಿತ್ತೇ ಹೊರತು ಆಜ್ಞೆಮಾಡುವ ಅಧಿಕಾರವಿರಲಿಲ್ಲ. ಆಂಗ್ಲಿಕನರು, ಮೆಥಡಿಸ್ಟರು ಮೊದಲಾದವರು ಕೂಡಿ ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ಸ್ಥಾಪಿಸಿದ ದಕ್ಷಿಣ ಭಾರತ ಸಭೆಯೂ ಈ ಸಮೂಹದ ಒಂದು ಅಂಗ. ಕನ್ನಡನಾಡಿನ ಅನೇಕ ಚರ್ಚುಗಳು ಅದರೊಳಗಿವೆ. ಒಂದೊಂದು ಚರ್ಚಿನೊಳಗೂ ಬಿಷಪ್ಪರ ಆಳಿಕೆಗೆ ಸೇರಿದ ಧರ್ಮಪ್ರಾಂತಗಳೂ, ಧರ್ಮಪ್ರಾಂತದೊಳಗೆ ಸಭೆಗಳೂ ಇರುತ್ತವೆ. ಸಭೆಯವರು ತಮ್ಮ ಕಾಣಿಕೆಯಿಂದ ಮಂದಿರವನ್ನು ಕಟ್ಟಿ ಸಂರಕ್ಷಿಸುತ್ತಾರೆ. ಬಿಷಪ್ಪರು ಅದನ್ನು ಪ್ರತಿಷ್ಠಿಸಿ, ಪಾಲಕರಿಗೆ ದೀಕ್ಷೆಕೊಡುತ್ತಾರೆ. ಎಲ್ಲರೂ ಒಂದಾಗಿದ್ದಷ್ಟು ಕಾಲ ಮಂದಿರವು ಯಾರದೆಂದು ಕೇಳುವ ಪ್ರಸಕ್ತಿಯೇ ಬರುವುದಿಲ್ಲ.

ವಿವಾದದ ಮೂಲಕ್ಕೆ ಬಂದರೆ, ಎರಡು ಪಕ್ಷದವರಿಗೂ ಸತ್ಯವೇದವೇ ಪ್ರಮಾಣ. ಯಾಜಕಕಾಂಡದ ನಿಷೇಧವಾಕ್ಯಗಳನ್ನೂ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯವನ್ನೂ ಮುಂದಿಟ್ಟು, ವಿವಾಹವೆಂಬುದು ಸ್ತ್ರೀಪುರುಷರಿಗೆ ಮಾತ್ರ ವಿಹಿತವಾದುದೆಂದೂ, ಸ್ಪಷ್ಟವಾದ ವಚನವನ್ನು ಕಾಲಾನುಗುಣವಾಗಿ ತಿರುಗಿಸುವುದಾದರೆ ಪ್ರಮಾಣವೇ ಉಳಿಯದೆಂದೂ ಒಂದು ಪಕ್ಷದವರು ವಾದಿಸಿದರು. ಮತ್ತೊಂದು ಪಕ್ಷದವರು, ಆ ವಚನಗಳು ಆ ಕಾಲದ ದುರಾಚಾರಗಳನ್ನು ಕುರಿತವೇ ಹೊರತು ಇಬ್ಬರು ನಿಷ್ಠೆಯಿಂದ ಬಾಳುವುದನ್ನು ಕುರಿತವಲ್ಲವೆಂದರು. ಸುನ್ನತಿಯಿಲ್ಲದ ಅನ್ಯಜನರನ್ನು ಸಭೆಗೆ ಸೇರಿಸಿಕೊಳ್ಳಬಹುದೆ ಎಂಬ ಚರ್ಚೆಯಾದಾಗ ಆದಿಸಭೆಯವರು ಬಾಗಿಲನ್ನು ತೆರೆದ ಸಂಗತಿಯು ಅಪೊಸ್ತಲರ ಕೃತ್ಯಗಳಲ್ಲಿಯೇ ಇದೆಯೆಂದು ತೋರಿಸಿದರು. ಒಬ್ಬರಿಗೆ ಇದು ವಿಧಿನಿಷೇಧದ ಪ್ರಶ್ನೆ, ಮತ್ತೊಬ್ಬರಿಗೆ ಅಧಿಕಾರಿಭೇದದ ಪ್ರಶ್ನೆ. ಎರಡಕ್ಕೂ ಉತ್ತರ ಬೇರೆ ಬೇರೆಯಾದುದರಿಂದ ವಾದವು ಮುಗಿಯುವಂತೆ ಇರಲಿಲ್ಲ.

೧೯೭೯ನೆಯ ವರ್ಷವು ಈ ವೃತ್ತಾಂತದಲ್ಲಿ ಬಹು ಮುಖ್ಯವಾದುದು. ಆ ವರ್ಷದ ಸೆಪ್ಟೆಂಬರಿನಲ್ಲಿ ಡೆನ್ವರ್ ನಗರದಲ್ಲಿ ಸೇರಿದ ಎಪಿಸ್ಕೋಪಲ್ ಚರ್ಚಿನ ಮಹಾಸಭೆಯು ಎರಡು ಕಾರ್ಯಗಳನ್ನು ಮಾಡಿತು. ಸಮಲಿಂಗ ಸಂಬಂಧದಲ್ಲಿ ಬಾಳುತ್ತಿರುವವರಿಗೆ ದೀಕ್ಷೆಕೊಡುವುದು ಉಚಿತವಲ್ಲವೆಂದು ಒಂದು ನಿರ್ಣಯವನ್ನು ಅಂಗೀಕರಿಸಿತು; ಪ್ರತಿಯೊಂದು ಸಭೆಯ ಆಸ್ತಿಯೂ ಸಮಸ್ತ ಚರ್ಚಿನ ಪರವಾಗಿ ನ್ಯಾಸರೂಪದಲ್ಲಿ ಇರತಕ್ಕದ್ದೆಂದು ಒಂದು ನಿಯಮವನ್ನು ಮಾಡಿತು. ಎರಡನೆಯದಕ್ಕೆ ಡೆನ್ನಿಸ್ ನಿಯಮವೆಂದು ಹೆಸರು. ಚರ್ಚಿನ ಆಸ್ತಿಯ ವಿವಾದಗಳಲ್ಲಿ ಮತಸಿದ್ಧಾಂತವನ್ನು ಮುಟ್ಟದೆ ಪತ್ರ, ಕರಾರು, ನಿಯಮಗಳನ್ನು ನೋಡಿ ತೀರ್ಪು ಹೇಳಬಹುದೆಂದು ಅಮೆರಿಕದ ಶ್ರೇಷ್ಠ ನ್ಯಾಯಸ್ಥಾನವು ಅದೇ ವರ್ಷದ ಜುಲೈಯಲ್ಲಿ, ಜೋನ್ಸ್ ಮತ್ತು ವುಲ್ಫ್ ಎಂಬವರ ವ್ಯಾಜ್ಯದಲ್ಲಿ, ಹೇಳಿದ್ದಿತು. ಫಾಲ್ಸ್ ಚರ್ಚಿಗೆ ಜಾನ್ ಯೇಟ್ಸ್ ಎಂಬವರು ಪಾಲಕರಾಗಿ ಬಂದುದೂ ೧೯೭೯ರಲ್ಲಿಯೇ. ಅವರ ಕಾಲದಲ್ಲಿ ಸಭೆಯು ಬಹಳವಾಗಿ ಬೆಳೆದು ವರ್ಜೀನಿಯದ ದೊಡ್ಡ ಸಭೆಗಳಲ್ಲಿ ಒಂದಾಯಿತು.

ಡೆನ್ವರಿನ ಮೊದಲನೆಯ ನಿರ್ಣಯವು ಕ್ರಮೇಣ ಸವೆಯಿತು. ಸಮಲಿಂಗಾನುರಾಗಿಯೊಬ್ಬರಿಗೆ ದೀಕ್ಷೆ ಕೊಟ್ಟ ವಾಲ್ಟರ್ ರೈಟರ್ ಎಂಬ ಬಿಷಪ್ಪರ ಮೇಲೆ ಬಂದ ಆಪಾದನೆಯನ್ನು ಚರ್ಚಿನ ನ್ಯಾಯಮಂಡಲಿಯು ೧೯೯೬ರ ಮೇ ತಿಂಗಳಲ್ಲಿ ವಜಾಮಾಡಿತು. ಇಂತಹ ದೀಕ್ಷೆಯನ್ನು ತಡೆಯುವ ಮೂಲಸಿದ್ಧಾಂತವು ಯಾವುದೂ ಇಲ್ಲವೆಂಬುದು ಅದರ ಅಭಿಪ್ರಾಯ. ಆದರೆ ಎರಡು ವರ್ಷಗಳ ಬಳಿಕ, ೧೯೯೮ರಲ್ಲಿ, ಆಂಗ್ಲಿಕನ್ ಸಮೂಹದ ಬಿಷಪ್ಪರೆಲ್ಲರೂ ಇಂಗ್ಲೆಂಡಿನಲ್ಲಿ ಲ್ಯಾಂಬೆತ್ ಸಮ್ಮೇಳನಕ್ಕಾಗಿ ಸೇರಿದಾಗ, ಸಮಲಿಂಗ ಸಂಬಂಧವು ಶಾಸ್ತ್ರಕ್ಕೆ ಹೊಂದದೆಂಬ ನಿರ್ಣಯವು ೫೨೬ ಮತಗಳಿಂದ ಅಂಗೀಕೃತವಾಯಿತು. ವಿರೋಧವಾಗಿ ಬಂದವು ೭೦. ಅಂತಹ ಜನರ ಅನುಭವವನ್ನು ಕಿವಿಗೊಟ್ಟು ಕೇಳತಕ್ಕದ್ದೆಂಬ ಮಾತೂ ಆ ನಿರ್ಣಯದಲ್ಲಿದ್ದಿತು. ಆಫ್ರಿಕ, ಏಷ್ಯಗಳ ಬಿಷಪ್ಪರ ಧ್ವನಿಯು ಆ ಸಮ್ಮೇಳನದಲ್ಲಿ ಪ್ರಬಲವಾಗಿ ಕೇಳಿಬಂದಿತು. ಅಮೆರಿಕದ ಚರ್ಚು ಒಂದು ದಿಕ್ಕಿಗೂ, ಸಮೂಹದ ಬಹುಮತವು ಮತ್ತೊಂದು ದಿಕ್ಕಿಗೂ ಮುಖಮಾಡಿ ನಿಂತುವು.

ಹೀಗಿರಲಾಗಿ ೨೦೦೩ರ ಜೂನಿನಲ್ಲಿ ನ್ಯೂ ಹ್ಯಾಂಪ್‌ಷೈರಿನ ಧರ್ಮಪ್ರಾಂತದವರು ಜೀನ್ ರಾಬಿನ್‌ಸನ್ನರನ್ನು ತಮ್ಮ ಬಿಷಪ್ಪರಾಗಿ ಆರಿಸಿದರು. ಆತನು ಪುರುಷನೊಬ್ಬನೊಡನೆ ಬಾಳುತ್ತಿದ್ದುದನ್ನು ಮರೆಮಾಡದಿದ್ದವನು. ಆಗಸ್ಟಿನಲ್ಲಿ ಮಿನ್ನಿಯಾಪೊಲಿಸ್ ನಗರದ ಮಹಾಸಭೆಯು ಆ ಆಯ್ಕೆಗೆ ಸಮ್ಮತಿಕೊಟ್ಟಿತು. ವರ್ಜೀನಿಯದ ಬಿಷಪ್ ಪೀಟರ್ ಲೀ ಸಮ್ಮತಿಸಿದವರಲ್ಲಿ ಒಬ್ಬರು. ನವೆಂಬರ್ ೨ರಂದು ಅಭಿಷೇಕವು ನಡೆದಾಗ ರಾಬಿನ್‌ಸನ್ನರು ಪ್ರಾಣಭಯದ ನಿಮಿತ್ತ ಧರ್ಮವಸ್ತ್ರಗಳ ಒಳಗೆ ಗುಂಡುನಿರೋಧಕ ಕವಚವನ್ನು ತೊಟ್ಟಿದ್ದರು. ದೀಕ್ಷಾವಸ್ತ್ರದ ಕೆಳಗೆ ಯುದ್ಧದ ಉಡುಪನ್ನು ಉಡಬೇಕಾಗಿ ಬಂದ ಸಂಗತಿಯೊಂದೇ ಕಾಲದ ಕಾವನ್ನು ತಿಳಿಸಲು ಸಾಕು.

ಆ ವರ್ಷದಿಂದ ಫಾಲ್ಸ್ ಚರ್ಚಿನಲ್ಲಿ ಹಳೆಯ ಶಾಂತಿಯು ಉಳಿಯಲಿಲ್ಲ. ಸಭೆಯ ಬಹುಮಂದಿಯೂ ಪಾಲಕರೂ ಮಿನ್ನಿಯಾಪೊಲಿಸಿನ ನಿಶ್ಚಯವನ್ನು ಶಾಸ್ತ್ರಪರಿತ್ಯಾಗವೆಂದು ಬಗೆದರು. ಒಬ್ಬ ಬಿಷಪ್ಪನ ಆಯ್ಕೆಯು ನಿಮಿತ್ತಮಾತ್ರವೆಂದೂ, ಶಾಸ್ತ್ರಪ್ರಾಮಾಣ್ಯವನ್ನು ಚರ್ಚು ಎಂದಿನಿಂದಲೋ ಸಡಿಲಿಸುತ್ತ ಬಂದಿತ್ತೆಂದೂ ಅವರ ವಾದ. ೨೦೦೬ರ ಶರತ್ಕಾಲದಲ್ಲಿ, ಫೇರ್‌ಫ್ಯಾಕ್ಸ್ ಊರಿನ ಟ್ರೂರೋ ಸಭೆಯವರೊಡನೆ ಕೂಡಿ, ನಲವತ್ತು ದಿನಗಳ ವಿವೇಚನಾವ್ರತವನ್ನು ಆಚರಿಸಿದರು. ಆಮೇಲೆ ಮತ ತೆಗೆದರು. ಡಿಸೆಂಬರ್ ೧೭ರಂದು ಫಲವು ಪ್ರಕಟವಾದಾಗ ಫಾಲ್ಸ್ ಚರ್ಚಿನಲ್ಲಿ ನೂರಕ್ಕೆ ಸುಮಾರು ೯೦ ಮಂದಿಯೂ, ಟ್ರೂರೋದಲ್ಲಿ ೯೨ ಮಂದಿಯೂ ಎಪಿಸ್ಕೋಪಲ್ ಚರ್ಚನ್ನು ಬಿಡುವುದಕ್ಕೆ ಒಪ್ಪಿದ್ದರು.

ಬಿಟ್ಟವರು ಹೋಗಿ ಸೇರಿದುದು ನೈಜೀರಿಯದ ಚರ್ಚಿನ ಆಶ್ರಯದಲ್ಲಿ ಅಮೆರಿಕದಲ್ಲಿ ಸ್ಥಾಪಿತವಾಗಿದ್ದ ಒಂದು ಒಕ್ಕೂಟವನ್ನು. ಅಲ್ಲಿಯ ಆರ್ಚ್‌ಬಿಷಪ್ ಪೀಟರ್ ಅಕಿನೋಲರು ಟ್ರೂರೋದ ಪಾಲಕರಾದ ಮಾರ್ಟಿನ್ ಮಿನ್ಸರನ್ನು ಆ ವರ್ಷದ ಆಗಸ್ಟಿನಲ್ಲಿಯೇ ಬಿಷಪ್ಪರಾಗಿ ಅಭಿಷೇಕಿಸಿದ್ದರು. ಆಂಗ್ಲಿಕನರಲ್ಲಿ ಮೊದಲನೆಯ ಆಫ್ರಿಕನ್ ಬಿಷಪ್ಪನಾದ ಸ್ಯಾಮ್ಯುಯೆಲ್ ಕ್ರೌಥರನಿಗೆ ಅಭಿಷೇಕವಾದುದು ೧೮೬೪ರಲ್ಲಿ, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಆತನು ಬಾಲ್ಯದಲ್ಲಿ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ ಬಿಡುಗಡೆ ಹೊಂದಿದವನು. ಒಂದೂವರೆ ಶತಮಾನ ತುಂಬುವುದರೊಳಗೆ, ಹಿಂದೆ ಗುಲಾಮಗಿರಿಯಿದ್ದ ವರ್ಜೀನಿಯದ ಶ್ರೀಮಂತ ಸಭೆಗಳು ಕ್ರೌಥರನ ನಾಡಿನ ಬಿಷಪ್ಪರನ್ನು ಗುರುಗಳೆಂದು ಸ್ವೀಕರಿಸಿದುವು. ಇತಿಹಾಸದ ಗಾಲಿಯು ಇಷ್ಟು ತಿರುಗುವುದೆಂದು ೧೮೬೪ರಲ್ಲಿ ಯಾರೂ ಊಹಿಸಿರಲಾರರು.

ಉಳಿದ ಹತ್ತು ಮಂದಿಯ ಪಾಡೇನು? ಎಪಿಸ್ಕೋಪಲ್ ಚರ್ಚಿನಲ್ಲಿಯೇ ನಿಲ್ಲುವೆವೆಂದ ಆ ಸಣ್ಣ ಗುಂಪಿಗೆ ತಮ್ಮ ಮಂದಿರದಲ್ಲಿ ಎಡೆಯಿಲ್ಲದಂತಾಯಿತು. ಸಮೀಪದ ಪ್ರೆಸ್ಬಿಟೇರಿಯನ್ ಚರ್ಚಿನವರು ತಮ್ಮ ಕಟ್ಟಡದಲ್ಲಿ ಅವರಿಗೆ ಆರಾಧನೆಗೆ ಸ್ಥಳಕೊಟ್ಟರು. ಹೀಗೆ ಕೆಲವು ವರ್ಷಗಳ ಕಾಲ, ಒಂದೇ ಸಮಾಧಿಭೂಮಿಯಲ್ಲಿ ಬಂಧುಗಳನ್ನು ಉಳ್ಳವರು, ಒಂದೇ ಪ್ರಾರ್ಥನಾಕ್ರಮಕ್ಕೆ ಒಗ್ಗಿದವರು, ಆದಿತ್ಯವಾರದ ಬೆಳಗ್ಗೆ ಒಂದೇ ಬೀದಿಯಲ್ಲಿ ಬಂದು ಎರಡು ಬಾಗಿಲುಗಳಿಗೆ ಹೋಗುತ್ತಿದ್ದರು.

ಮಂದಿರವನ್ನು ಉಳಿಸಿಕೊಳ್ಳಲು ಬಹುಮತದವರು ಆಶ್ರಯಿಸಿದ ಶಾಸನವು ವರ್ಜೀನಿಯದಲ್ಲಿ ೧೮೬೭ರಲ್ಲಿ ಆದುದು. ಒಂದು ಮತಸಂಸ್ಥೆಯಲ್ಲಿ ವಿಭಾಗವುಂಟಾದರೆ, ಸ್ಥಳದ ಸಭೆಯವರು ಬಹುಮತದಿಂದ ತಾವು ಯಾವ ಶಾಖೆಗೆ ಸೇರುವೆವೆಂದು ನಿಶ್ಚಯಿಸಬಹುದು. ನ್ಯಾಯಸ್ಥಾನವು ಅದನ್ನು ಒಪ್ಪಿದರೆ ಆಸ್ತಿಯು ಅವರದಾಗುವುದು ಎಂಬುದು ಅದರ ಸಾರ. ಆ ಶಾಸನಕ್ಕೆ ಹಿನ್ನೆಲೆಯಾಗಿದ್ದುದು ಗುಲಾಮಗಿರಿಯ ಕಲಹ. ೧೮೪೪ರಲ್ಲಿ ಮೆಥಡಿಸ್ಟರೂ, ೧೮೪೫ರಲ್ಲಿ ಬ್ಯಾಪ್ಟಿಸ್ಟರೂ ಉತ್ತರ ದಕ್ಷಿಣಗಳಾಗಿ ಒಡೆದಿದ್ದರು. ಆಗಲೂ ಎರಡು ಪಕ್ಷಗಳು ಸತ್ಯವೇದದ ವಚನಗಳನ್ನೇ ಎತ್ತಿಹೇಳಿದ್ದುವು. ಮನುಷ್ಯನನ್ನು ಮನುಷ್ಯನು ಕೊಳ್ಳಬಹುದೆ ಎಂಬ ಕಲಹದ ಬೂದಿಯಿಂದ ಎದ್ದ ಶಾಸನವು, ಮನುಷ್ಯನು ಯಾರನ್ನು ಪ್ರೀತಿಸಬಹುದು ಎಂಬ ಕಲಹಕ್ಕೆ ಆಯುಧವಾಯಿತು.

೨೦೦೭ರ ಆರಂಭದಲ್ಲಿ ಸಂಧಾನವು ಮುರಿದುಬಿದ್ದು, ಧರ್ಮಪ್ರಾಂತದವರೂ ಸಮಗ್ರ ಚರ್ಚಿನವರೂ ದಾವೆ ಹೂಡಿದರು. ೨೦೦೮ರಲ್ಲಿ ಫೇರ್‌ಫ್ಯಾಕ್ಸಿನ ನ್ಯಾಯಾಧೀಶ ರ್‍ಯಾಂಡಿ ಬೆಲೋಸ್ ಹಳೆಯ ಶಾಸನವು ಅನ್ವಯಿಸುವುದೆಂದು ಹೇಳಿ ಸಭೆಗಳ ಪರವಾಗಿ ತೀರ್ಪಿತ್ತರು. ೨೦೧೦ರ ಜೂನಿನಲ್ಲಿ ವರ್ಜೀನಿಯದ ಶ್ರೇಷ್ಠ ನ್ಯಾಯಸ್ಥಾನವು ಅದನ್ನು ತಳ್ಳಿಹಾಕಿತು. ಅದರ ತರ್ಕವು ಗಮನಾರ್ಹವಾದುದು: ವಿಭಾಗವೇನೋ ಆಗಿದೆ, ಆದರೆ ಬಿಟ್ಟವರು ಸೇರಿದ ಒಕ್ಕೂಟವು ಎಪಿಸ್ಕೋಪಲ್ ಚರ್ಚಿನಿಂದ ಕವಲೊಡೆದ ಶಾಖೆಯಲ್ಲ, ನೈಜೀರಿಯದ ಚರ್ಚಿನ ಶಾಖೆ, ಆದಕಾರಣ ಶಾಸನವು ಅನ್ವಯಿಸದು. ವ್ಯಾಜ್ಯವು ಮರಳಿ ಬೆಲೋಸರ ಮುಂದೆ ಬಂದಿತು. ಅವರು ಹೊಸದಾಗಿ ವಿಚಾರಿಸಿ, ೨೦೧೨ರ ಜನವರಿ ೧೦ರಂದು ದೀರ್ಘವಾದ ತೀರ್ಪಿನಲ್ಲಿ ಆಸ್ತಿಯನ್ನು ಧರ್ಮಪ್ರಾಂತಕ್ಕೆ ಒಪ್ಪಿಸತಕ್ಕದ್ದೆಂದು ಆಜ್ಞೆಮಾಡಿದರು. ಮೊದಲು ಸಭೆಗಳಿಗೆ ಜಯಕೊಟ್ಟವರೂ ಅವರೇ, ಆಮೇಲೆ ಬೀಗದ ಕೈಯನ್ನು ಕೊಡಿರೆಂದವರೂ ಅವರೇ. ೨೦೧೩ರ ಏಪ್ರಿಲಿನಲ್ಲಿ ಶ್ರೇಷ್ಠ ನ್ಯಾಯಸ್ಥಾನವು ಮಂದಿರವು ಧರ್ಮಪ್ರಾಂತದ್ದೇ ಎಂದು ಸ್ಥಿರಪಡಿಸಿತು. ೨೦೧೪ರ ಮಾರ್ಚಿಯಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಸ್ಥಾನವು ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಇಲ್ಲಿ ಡೆನ್ವರಿನ ಮಹಾಸಭೆಯನ್ನು ಮತ್ತೊಮ್ಮೆ ನೆನೆಯಬೇಕು. ಒಂದೇ ಸಭೆಯಲ್ಲಿ ಹುಟ್ಟಿದ ಎರಡು ನಿರ್ಣಯಗಳಲ್ಲಿ, ದೀಕ್ಷೆಯನ್ನು ಕುರಿತದು ಕಾಲಕ್ರಮದಲ್ಲಿ ನಿರ್ವೀರ್ಯವಾಯಿತು. ಆಸ್ತಿಯನ್ನು ಕುರಿತದು ಬಲಿಯಿತು. ವರ್ಜೀನಿಯದ ನ್ಯಾಯಸ್ಥಾನವು ಆ ಆಸ್ತಿನಿಯಮವನ್ನೂ, ಸಭೆಯು ತಲೆತಲಾಂತರದಿಂದ ಚರ್ಚಿನ ಕಟ್ಟಳೆಗೆ ಒಳಗಾಗಿ ನಡೆದು ಬಂದುದನ್ನೂ ಗಣಿಸಿಯೇ ತೀರ್ಪುಕೊಟ್ಟಿತು. ಬಿಟ್ಟುಹೋದವರು, ಹಿಂದಿನ ನಂಬುಗೆಯನ್ನು ಬದಲಾಯಿಸಿದವರು ಅವರೇ, ನಾವು ನಿಂತಲ್ಲಿಯೇ ನಿಂತಿದ್ದೇವೆ ಎಂದರು. ನ್ಯಾಯಸ್ಥಾನಕ್ಕೆ ನಂಬುಗೆಯನ್ನು ಅಳೆಯುವ ಕೋಲಿಲ್ಲ. ಮತವನ್ನು ಪ್ರಭುತ್ವದಿಂದ ಬೇರ್ಪಡಿಸಿದ ಜೆಫರ್‌ಸನ್ನನ ಶಾಸನವನ್ನು ೧೭೮೬ರಲ್ಲಿ ಅಂಗೀಕರಿಸಿದುದು ಇದೇ ವರ್ಜೀನಿಯ. ಹೀಗಾಗಿ ಸಭೆಯನ್ನು ಒಡೆದ ಪ್ರಶ್ನೆಗೆ ಯಾವ ನ್ಯಾಯಾಧೀಶರೂ ಉತ್ತರ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಅವರು ಹೇಳಿದುದು ಬಾಗಿಲಿನ ಬೀಗದ ಕೈ ಯಾರ ಕೈಯಲ್ಲಿರಬೇಕೆಂಬುದನ್ನು ಮಾತ್ರ.

೨೦೧೨ರ ಮೇ ತಿಂಗಳಲ್ಲಿ ಬಹುಮತದವರು ಮಂದಿರವನ್ನು ಬಿಟ್ಟು ಹೊರಟರು. ತಮ್ಮ ಹಣದಿಂದಲೇ ಬೆಳೆಸಿದ ಕಟ್ಟಡಗಳನ್ನು ಹಿಂದೆ ಬಿಟ್ಟು, ಶಾಲೆಗಳ ಸಭಾಂಗಣಗಳಲ್ಲಿ ಆರಾಧನೆಯನ್ನು ನಡಸುತ್ತ ಏಳು ವರ್ಷ ಕಳೆದರು. ೨೦೧೯ರಲ್ಲಿ ಹೊಸ ಮಂದಿರವನ್ನು ಪ್ರವೇಶಿಸಿದರು. ನಲವತ್ತು ವರ್ಷ ಪಾಲಕರಾಗಿದ್ದ ಯೇಟ್ಸರು ಆ ವರ್ಷವೇ ವಿಶ್ರಾಂತರಾದರು. ಉಳಿದ ಸಣ್ಣ ಗುಂಪು ಬೀದಿಯನ್ನು ದಾಟಿ ಹಿಂದಿರುಗಿ, ತಮಗಿಂತ ಎಷ್ಟೋ ದೊಡ್ಡದಾದ ಮನೆಯಲ್ಲಿ ದೀಪ ಹಚ್ಚಿತು. ೨೦೧೫ರಲ್ಲಿ ಎಪಿಸ್ಕೋಪಲ್ ಚರ್ಚಿನ ಮಹಾಸಭೆಯು ಸಮಲಿಂಗ ದಂಪತಿಗಳ ವಿವಾಹವಿಧಿಗೆ ಅನುಮತಿ ಕೊಟ್ಟಿತು. ಬಿಟ್ಟುಹೋದವರು ೨೦೦೯ರಲ್ಲಿ ಸ್ಥಾಪಿತವಾದ ಉತ್ತರ ಅಮೆರಿಕದ ಆಂಗ್ಲಿಕನ್ ಚರ್ಚಿನಲ್ಲಿ ನೆಲೆಗೊಂಡರು. ಎರಡು ಸಭೆಗಳೂ ಫಾಲ್ಸ್ ಚರ್ಚೆಂಬ ಹೆಸರನ್ನು ಬಿಡಲಿಲ್ಲ. ಒಂದು ಎಪಿಸ್ಕೋಪಲ್, ಮತ್ತೊಂದು ಆಂಗ್ಲಿಕನ್ ಎಂಬ ವಿಶೇಷಣವೇ ಭೇದ.

ಟ್ರೂರೋದ ಕಥೆಯು ಬೇರೆ ದಾರಿಯನ್ನು ಹಿಡಿಯಿತು. ತೀರ್ಪಿನಲ್ಲಿ ಸೋತ ಆ ಸಭೆಯವರು ಮೇಲ್ಮನವಿಯನ್ನು ಬಿಟ್ಟು ಧರ್ಮಪ್ರಾಂತದವರೊಡನೆ ಒಪ್ಪಂದಕ್ಕೆ ಬಂದರು. ತಾವಿದ್ದ ಕಟ್ಟಡದಲ್ಲಿಯೇ ಗೇಣಿದಾರರಾಗಿ ಉಳಿದರು. ೨೦೧೭ರಲ್ಲಿ ಎರಡು ಪಕ್ಷದವರೂ ಕೂಡಿ ಅಲ್ಲಿ ಸಂಧಾನವನ್ನೂ ಶಾಂತಿಯನ್ನೂ ಕಲಿಸುವ ವಿದ್ಯಾಸಂಸ್ಥೆಯೊಂದನ್ನು ಆರಂಭಿಸಿದರು. ಸಿದ್ಧಾಂತದಲ್ಲಿ ಯಾರೂ ಒಂದಂಗುಲವನ್ನೂ ಬಿಟ್ಟುಕೊಡಲಿಲ್ಲ. ಆದರೂ ಅಭಿಪ್ರಾಯಭೇದವು ಬೇರೆ, ವೈರವು ಬೇರೆ ಎಂಬುದನ್ನು ತೋರಿಸಿಕೊಟ್ಟರು.

ಈ ಪ್ರಕರಣದ ಪತ್ರಗಳಲ್ಲಿ ನಿಲುವುಪತ್ರ, ಶಾಸನ, ನಿಯಮಗಳ ಮಾತು ತುಂಬಿದೆ. ಯಾರನ್ನು ಕುರಿತು ಇಷ್ಟೆಲ್ಲ ವಿವಾದವು ಎದ್ದಿತೋ ಅವರ ಮಾತು ವಿರಳ. ಯಾವ ದೊಡ್ಡ ಸಭೆಯಲ್ಲಿಯೂ ಇರುವಂತೆ ಫಾಲ್ಸ್ ಚರ್ಚಿನ ಪೀಠಗಳಲ್ಲಿಯೂ ಸಮಲಿಂಗಾನುರಾಗಿಗಳು ಕುಳಿತಿದ್ದಿರಬೇಕು. ಬಹುಮತದವರ ಮನೆಗಳಲ್ಲಿಯೂ ಅಂತಹ ಮಕ್ಕಳು ಇದ್ದಿರಬೇಕು. ತಮ್ಮ ಬಾಳಿನ ಯೋಗ್ಯತೆಯನ್ನು ಕುರಿತು ಅಕ್ಕಪಕ್ಕದವರು ಚೀಟಿಯಲ್ಲಿ ಮತಕೊಡುವುದನ್ನು ಅವರು ಕುಳಿತು ನೋಡಬೇಕಾಯಿತು. ವಿಭಾಗದಲ್ಲಿ ಬಹುಮತದವರಿಗೆ ಮಂದಿರವು ಹೋಯಿತು, ಅಲ್ಪಮತದವರಿಗೆ ಒಡನಾಡಿಗಳು ಹೋದರು; ಈ ಮೂರನೆಯವರಿಗೆ ಆದ ನಷ್ಟವನ್ನು ಲೆಕ್ಕಕ್ಕೆ ಹಿಡಿದ ಪತ್ರ ಯಾವುದೂ ಇಲ್ಲ. ಲ್ಯಾಂಬೆತ್ತಿನ ನಿರ್ಣಯದಲ್ಲಿ ಕಿವಿಗೊಟ್ಟು ಕೇಳಿರೆಂಬ ವಾಕ್ಯವೂ ಇದ್ದುದನ್ನು ಎರಡು ಪಕ್ಷದವರೂ ಮಿಕ್ಕ ವಾಕ್ಯಗಳಷ್ಟು ಜ್ಞಾಪಕದಲ್ಲಿಡಲಿಲ್ಲ.

ಧರ್ಮಾರ್ಥವಾದುದು ಪಾಲಿಗೆ ಬಾರದೆಂದು ವಿಜ್ಞಾನೇಶ್ವರನು ಹೇಳಿದುದನ್ನು ವರ್ಜೀನಿಯದ ನ್ಯಾಯಸ್ಥಾನಗಳು ತಮ್ಮ ದಾರಿಯಿಂದಲೇ ಬಂದು ಸೇರಿದುವು. ಮಂದಿರವನ್ನು ಅವು ತುಂಡುಮಾಡಲಿಲ್ಲ, ಒಂದೇ ಕೈಗೆ ಒಪ್ಪಿಸಿದುವು. ಅಖಂಡವಾಗಿ ಉಳಿದುದು ಇಟ್ಟಿಗೆಯ ಗೋಡೆ. ೧೭೬೯ರಲ್ಲಿ ಅದನ್ನು ಕಟ್ಟಿದವರು ಯಾರನ್ನು ಒಟ್ಟುಗೂಡಿಸಲು ಕಟ್ಟಿದರೋ ಆ ಜನವು ಇಬ್ಭಾಗವಾಯಿತು. ಸಮಾಧಿಭೂಮಿಯಲ್ಲಿ ಮಲಗಿರುವ ಪೂರ್ವಿಕರಿಗೆ ಮಾತ್ರ ಈ ವಿಭಾಗವು ತಟ್ಟಲಿಲ್ಲ. ಅವರನ್ನು ನೋಡಲು ಎರಡು ಸಭೆಗಳಿಂದಲೂ ಮಕ್ಕಳು ಮೊಮ್ಮಕ್ಕಳು ಬಂದರೆ, ಅವರಿಗೆ ಇರುವುದು ಒಂದೇ ದಾರಿ.